ಕೊಪ್ಪಳದಲ್ಲೇ ರೂಮು ಮಾಡಿದ್ದು

ಹೊಸಪೇಟೆಯಲ್ಲಿ ಉಳಿದುಕೊಳ್ಳಿ ಅಂತ ಕೇಳಿದವರೆಲ್ಲ ಹೇಳಿದರು. ಹೋಟೆಲುಗಳು ಹೆಚ್ಚು, ಊಟ ತಿಂಡಿಗೆ ತೊಂದರೆಯಿಲ್ಲ, ಕಾರು ಬೇಕೆಂದರೆ ಕಾರು ಸಿಗುತ್ತದೆ. ಹಂಪಿಗೆ ಹೋಗುವವರಿಗೆ ಆ ಮಾತು ಸರಿ. ನಾವು ಹೊರಟಿದ್ದು ಹಂಪಿಗಲ್ಲ, ಕೊಪ್ಪಳದ ಕಡೆಗೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮಸ್ಕಿ, ಗವಿಮಠ, ಪಾಲ್ಕಿಗುಂಡು ಅಂತ ಅಶೋಕನ ಶಾಸನಗಳ ಹೆಸರನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ಅವ್ವನನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನ ಮಾಡಿದೆ. ಅವ್ವನಿಗೆ 68 ವರ್ಷ, ಎಡ ಮಂಡಿ ನೋವು. ದಿನಕ್ಕೆ ಒಂದು ಸಲ ಹೆಚ್ಚು ನಡೆದರೆ ಮರುದಿನ ಏಳುವುದೇ ಕಷ್ಟ. ಹಾಗಾಗಿ ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು ಅನ್ನುವ ಲೆಕ್ಕವೆಲ್ಲ ಅವ್ವನ ಮಂಡಿಯಿಂದಲೇ ಶುರುವಾಯಿತು.

ಮೊದಲು ನೋಡಬೇಕಾದ ಜಾಗಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡೆ. ಗವಿಮಠ, ಪಾಲ್ಕಿಗುಂಡು, ಕೋಟೆ ಮೂರೂ ಕೊಪ್ಪಳದ ಮಗ್ಗುಲಿಗೇ ಇವೆ. ಗೊಂಬೆಗಳ ಕಿನ್ನಾಳ ಹತ್ತಿರದ ಊರು. ಕುಕನೂರು, ಇಟಗಿ ಗದಗಿನ ದಿಕ್ಕಿಗೆ. ಆನೆಗೊಂದಿ ಒಂದೇ ಪೂರ್ವಕ್ಕೆ, ಗಂಗಾವತಿ ತಾಲ್ಲೂಕಿನಲ್ಲಿ. ಹೊಸಪೇಟೆಯಲ್ಲಿ ಉಳಿದರೆ ದಿನಾ ಬೆಳಿಗ್ಗೆ ಸುಮಾರು 35 ಕಿಲೋಮೀಟರ್ ಕೊಪ್ಪಳಕ್ಕೆ ಬಂದು, ಸಂಜೆ ಅಷ್ಟೇ ದೂರ ಹಿಂದಕ್ಕೆ ಹೋಗಬೇಕು. ಹಾಳೆ ನೋಡಿದ ಮೇಲೆ ಬೇರೆಯವರನ್ನು ಕೇಳುವ ಅಗತ್ಯವೇ ಬೀಳಲಿಲ್ಲ.

ಮಂಡ್ಯದಲ್ಲಿ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಅದು ಬೆಂಗಳೂರು, ಗುಂತಕಲ್, ಬಳ್ಳಾರಿ ಬಳಸಿಕೊಂಡು ಬೆಳಿಗ್ಗೆ ಹೊಸಪೇಟೆ ದಾಟಿ ಕೊಪ್ಪಳಕ್ಕೆ ಬರುತ್ತದೆ. ರಾತ್ರಿಯೆಲ್ಲ ಮಲಗಿ ಬರಬಹುದು. ಆದರೆ ಬೆಳಿಗ್ಗೆ ಇಳಿಯುವ ರೈಲಿಗೂ ಲಾಡ್ಜಿನ ಚೆಕ್‌ಔಟ್ ಪದ್ಧತಿಗೂ ಸಂಬಂಧವಿದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಫೋನಿನಲ್ಲಿ ಫೋಟೋ ನೋಡಿ ಹೆದ್ದಾರಿ ಪಕ್ಕದ ಒಂದು ಹೋಟೆಲನ್ನು ಬುಕ್ ಮಾಡಿದ್ದೆ. ಅಲ್ಲಿ ಮಧ್ಯಾಹ್ನ 12ಕ್ಕೆ ಮುಂಚೆ ರೂಮು ಕೊಡುವುದಿಲ್ಲ. ರಾತ್ರಿ ಪ್ರಯಾಣ ಮಾಡಿ ಬಂದ ಅವ್ವ ಮುಖ ತೊಳೆಯಲೂ ಜಾಗವಿಲ್ಲದೆ ಮೂರೂವರೆ ಗಂಟೆ ಸೋಫಾದ ಮೇಲೆ ಕುಳಿತರು. ರೂಮು ಚೆನ್ನಾಗಿಯೇ ಇತ್ತು, ಹಾಸಿಗೆ ಶುಭ್ರ. ಆದರೆ ಸಂಜೆ ಹೊರಗೆ ಬಂದರೆ ಲಾರಿಗಳು ಬಿಟ್ಟು ಬೇರೇನಿಲ್ಲ. ಆಟೋ ಸಿಗಲಿಲ್ಲ, ರಸ್ತೆ ದಾಟಿಸಲು ಅವ್ವನ ಕೈ ಹಿಡಿದು ಹತ್ತು ನಿಮಿಷ ನಿಂತೆ. ಅವ್ವ ಏನೂ ಅನ್ನಲಿಲ್ಲ. ರಾತ್ರಿ ಮಲಗುವಾಗ ಮಾತ್ರ, "ಮಗ, ಊರೊಳಗೆ ಒಂದು ಮನೆ ನೋಡಬಾರದಾ?" ಅಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ನಾನೊಬ್ಬಳೇ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ನಡೆದು ಐದು ನಿಮಿಷದೊಳಗೆ ಸಿಗುವ ಲಾಡ್ಜುಗಳನ್ನಷ್ಟೇ ನೋಡಿದೆ. ಒಟ್ಟು ನಾಲ್ಕು. ಒಂದರ ಕೆಳಗೆ ಬಾರ್ ಇತ್ತು, ಮೆಟ್ಟಿಲೂ ಒಂದೇ. ಅದನ್ನು ಒಳಗೂ ಹೋಗದೆ ಬಿಟ್ಟೆ. ಇನ್ನೊಂದರಲ್ಲಿ ಕಡೇ ಮಹಡಿಯ ರೂಮು ಮಾತ್ರ ಖಾಲಿ. ಈ ಕಡೆಯ ಬಿಸಿಲಿಗೆ ತಾರಸಿ ಹಗಲೆಲ್ಲ ಕಾಯ್ದು, ಆ ಕಾವು ರಾತ್ರಿ ಹನ್ನೊಂದರವರೆಗೂ ಕೆಳಗಿಳಿಯುತ್ತಿರುತ್ತದೆ. ಅಕ್ಟೋಬರಿನಲ್ಲೇ ಹಾಗಾದರೆ ಏಪ್ರಿಲ್‌ನಲ್ಲಿ ಬರುವವರು ಖಂಡಿತ ಒಪ್ಪಿಕೊಳ್ಳಬಾರದು. ಮೂರನೆಯದರಲ್ಲಿ ಎಲ್ಲಾ ಸರಿಯಿತ್ತು, ಆದರೆ ಇಂಡಿಯನ್ ಕಮೋಡು. ಮಂಡಿನೋವಿನವರಿಗೆ ಅದು ಆಗದು.

ನಾಲ್ಕನೆಯದರಲ್ಲಿ ಮ್ಯಾನೇಜರ್ ವಯಸ್ಸಾದವರು. ರೂಮು ನೋಡಬೇಕು ಅಂದಾಗ ಬೇಸರ ಮಾಡಿಕೊಳ್ಳದೆ ಕೀಲಿ ಕೊಟ್ಟರು. ನಾನು ಒಳಗೆ ಹೋಗಿ ಮೊದಲು ಮಾಡಿದ್ದು ನಲ್ಲಿ ತಿರುಗಿಸಿ ನೀರಿನ ಜೋರು ನೋಡಿದ್ದು, ಆಮೇಲೆ ಬಾಗಿಲ ಚಿಲಕ, ಕಿಟಕಿ ಯಾವ ಕಡೆಗಿದೆ ಅನ್ನುವುದು. ರಸ್ತೆ ಕಡೆಯ ರೂಮು ಬೇಡವೆಂದು ಹೇಳಿ ಹಿಂದಿನದು ಕೇಳಿದೆ.

"ಬಿಸಿನೀರು?"

"ಮುಂಜಾನೆ ಆರರಿಂದ ಒಂಬತ್ತರ ತನಕ ಬರ್ತಾವ್ರೀ. ತಾಯಾರಿಗೆ ಸಂಜಿಗಿ ಬೇಕಂದ್ರ ಹೇಳ್ರಿ, ಬಕೀಟಿನಾಗ ಕಳಸ್ತೇವಿ."

"ಚೆಕ್‌ಔಟು?"

"ಇಪ್ಪತ್ತನಾಕ ತಾಸು. ಈಗ ಎಂಟಕ್ಕ ಬಂದ್ರ ನಾಳಿ ಎಂಟಕ್ಕ ಲೆಕ್ಕ."

ದಿನಕ್ಕೆ 900 ರೂಪಾಯಿ, ಮೊದಲ ಮಹಡಿ, ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಇತ್ತು. ಬೆಳಿಗ್ಗೆ ರೈಲಿಳಿಯುವವರಿಗೆ 24 ತಾಸಿನ ಲೆಕ್ಕದ ಲಾಡ್ಜೇ ಸರಿ. ಅರ್ಧ ದಿನ ಉಳಿಯುತ್ತದೆ. ಆಧಾರ್ ಜೆರಾಕ್ಸ್ ಎರಡು ಪ್ರತಿ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಊರೊಳಗೆ ಉಳಿದಿದ್ದರ ಲಾಭ ನನಗೆ ಬೆಳಗಿನ ಹೊತ್ತು ಸಿಕ್ಕಿತು. ಅವ್ವ ಏಳುವ ಮುಂಚೆ, ಆರಕ್ಕೆಲ್ಲ ಆಟೋ ಹಿಡಿದು ಕೋಟೆಯ ಬುಡಕ್ಕೆ ಹೋದೆ. 1786ರಲ್ಲಿ ಟಿಪ್ಪು ಇದನ್ನು ಪಾಳೆಯಗಾರನಿಂದ ತೆಗೆದುಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯ ಪ್ರಾಣ ಬಿಟ್ಟಿದ್ದು ಇಲ್ಲೇ. ಪಾಠದಲ್ಲಿ ಎರಡು ಸಾಲಾಗಿದ್ದ ಆ ಹೆಸರು, ಆ ಬಂಡೆಗಳ ನಡುವೆ ಏದುಸಿರು ಬಿಡುತ್ತಾ ಹತ್ತುವಾಗ ಬೇರೆಯೇ ತೂಕ ಪಡೆಯಿತು. ಎಂಟೂವರೆಗೆ ವಾಪಸ್ ಬಂದು ಅವ್ವನ ಜೊತೆ ವಗ್ಗರಣಿ-ಮಿರ್ಚಿ ತಿಂದೆ. ಮಂಡಕ್ಕಿಯನ್ನು ನಾವು ಸಂಜೆಯ ತಿಂಡಿ ಅಂದುಕೊಂಡವರು. ಇಲ್ಲಿ ಬೆಳಿಗ್ಗೆಯೇ ತಿನ್ನುತ್ತಾರೆ, ಹೊಟ್ಟೆಗೆ ಹಗುರ. ಮೆಣಸಿನಕಾಯಿ ಬಜ್ಜಿಯನ್ನು ಮಾತ್ರ ಅವ್ವ ಅರ್ಧಕ್ಕೇ ಬಿಟ್ಟರು.

ಗವಿಮಠಕ್ಕೂ ಆಟೋದಲ್ಲೇ ಹೋದೆವು. ಮಠದ ಗುಡ್ಡದ ಮೇಲೆ ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರಗಳು. ಅವ್ವ ಒಂದೊಂದೇ ಮೆಟ್ಟಿಲು, ಕುಳಿತು, ಎದ್ದು ಹತ್ತಿದರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು ಅಂದಾಗ, "ಮಳೆ ಬಿಸಿಲಿಗೆ ಅಳಿಸೇ ಇಲ್ವಲ್ಲ" ಅಂತ ದೂರದಿಂದಲೇ ಕೈಯಾಡಿಸಿದ ಹಾಗೆ ಮಾಡಿದರು. ಪಾಲ್ಕಿಗುಂಡಿಗೆ ಅವ್ವನನ್ನು ಹತ್ತಿಸಲಿಲ್ಲ. ಎರಡು ಗುಂಡುಗಳ ಮೇಲೆ ಚಪ್ಪಡಿ ಇಟ್ಟಂತೆ, ಪಲ್ಲಕ್ಕಿಯ ಚಾವಣಿಯಂತೆ ಕಾಣುವ ಆ ಬಂಡೆಯನ್ನು ಅವರು ಕೆಳಗಿನಿಂದಲೇ ನೋಡಿದರು. ಅಲ್ಲಿಯ ಶಾಸನ ಬಹಳ ಸವೆದಿದೆ. ಮಂಡಿನೋವಿನವರು ಗವಿಮಠಕ್ಕೆ ಶಕ್ತಿ ಉಳಿಸಿಕೊಳ್ಳುವುದು ಒಳ್ಳೆಯದು. ಮಠದಲ್ಲಿ ದಾಸೋಹದ ಪ್ರಸಾದ ಆಯಿತು. ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರ ತೇರು ಎಳೆಯುವ ಹೊತ್ತಿಗೆ ಬರುವವರು ತಿಂಗಳ ಮುಂಚೆಯೇ ರೂಮು ಹೇಳಿಡಬೇಕು. ಆ ವಾರ ಊರಿಗೆ ಊರೇ ತುಂಬಿರುತ್ತದೆ ಅಂತ ನಮ್ಮ ಮ್ಯಾನೇಜರೇ ಎಚ್ಚರಿಸಿದರು.

ಇಟಗಿಗೆ ಬಸ್ಸಿನಲ್ಲಿ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಕರ್ನಾಟಕದ ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರೆ ಆಯಿತು. ಆದರೆ ದುಡ್ಡು ಉಳಿಯುವುದಕ್ಕಿಂತ ದಾರಿ ತಿಳಿಯುವುದು ಬಸ್ಸಿನಲ್ಲೇ. ಕಂಡಕ್ಟರು ಕೇಳಿದರು, "ಎಲ್ಲಿಗಿ ಹೊಂಟೀರಿ ಅಕ್ಕಾರ?" ಇಟಗಿ ಅಂದೆ. "ಮೊದಲ ಕುಕನೂರು ನೋಡ್ಕೊಳ್ರಿ. ಅಲ್ಲಿಂದ ಇಟಗಿಗಿ ಟಂಟಂ ಸಿಗ್ತಾವ. ತಿರುಗಿ ಬರೂವಾಗ ಕುಕನೂರಿಗಿ ಹೋಗಬ್ಯಾಡ್ರಿ, ಬನ್ನಿಕೊಪ್ಪಕ್ಕ ಬರ್ರಿ. ಗದಗ ರೋಡಿನಾಗ ಬಸ್ಸಿಗೇನೂ ಕಮ್ಮಿ ಇಲ್ಲ." ಈ ಒಂದು ಮಾತು ನಮ್ಮ ದಿನವನ್ನೇ ಉಳಿಸಿತು. ಹೋದ ದಾರಿಯಲ್ಲೇ ಬರಬೇಕೆಂದು ನಾನು ಬರೆದುಕೊಂಡಿದ್ದೆ.

ಕುಕನೂರಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲದವು. ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ. ಅದನ್ನು ನೋಡಿ ಇಟಗಿಗೆ ಬಂದರೆ ಕಲ್ಲೇ ಬದಲಾಗುತ್ತದೆ. ಕುಕನೂರಿನ ಗಡಸು ಮರಳುಗಲ್ಲಿನ ಜಾಗಕ್ಕೆ ಬಳಪದ ಕಲ್ಲು ಬಂದು, ಕಂಬಗಳು ತಿರುಗಣೆಯಲ್ಲಿ ತಿರುವಿ ತೆಗೆದಂತೆ ನುಣುಪಾಗಿವೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹದೇವ 1112ರಲ್ಲಿ ಕಟ್ಟಿಸಿದ ಇಲ್ಲಿಯ ಮಹಾದೇವ ಗುಡಿಯನ್ನು ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಆ ದಂಡನಾಯಕ ತಾಯಿಯ ನೆನಪಿಗೂ ಗುಡಿ ಕಟ್ಟಿಸಿದ್ದಾನೆ ಅಂದಾಗ ಅವ್ವ ಆ ಕಂಬಕ್ಕೆ ಒರಗಿ ಬಹಳ ಹೊತ್ತು ಕುಳಿತರು. ನಾನೂ ಅವಸರ ಮಾಡಲಿಲ್ಲ. ನಾಲ್ಕಕ್ಕೆ ಹೊರಟು ಬನ್ನಿಕೊಪ್ಪಕ್ಕೆ ಬಂದರೆ, ಬೆಳಕಿರುವಾಗಲೇ ಕೊಪ್ಪಳ.

ಆನೆಗೊಂದಿಗೆ ಮಾತ್ರ ಕಾರು ಮಾಡಿದೆ. ಬಸ್ಸಿನಲ್ಲಿ ಗಂಗಾವತಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಊರಿಂದ ಊರಿಗೆ ಆಟೋ ಅಂದರೆ ಅವ್ವನಿಗೆ ಹೆಚ್ಚಾಗುತ್ತಿತ್ತು. ಮ್ಯಾನೇಜರೇ ಪರಿಚಯದ ಡ್ರೈವರನ್ನು ಕರೆಸಿದರು. ಅಂಜನಾದ್ರಿಯ 575 ಮೆಟ್ಟಿಲು ನಮ್ಮಿಂದಾಗದು, ಬುಡದಲ್ಲೇ ಕೈ ಮುಗಿದೆವು. ಹರಿಗೋಲಿನಲ್ಲಿ ತುಂಗಭದ್ರಾ ಹೊಳೆ ದಾಟಿ ಹಂಪಿಯ ವಿಠ್ಠಲ ಗುಡಿ ಕಡೆಗೆ ಹೋಗುವ ಆಸೆಯಿತ್ತು. ಡ್ಯಾಮಿನಿಂದ ನೀರು ಬಿಟ್ಟಿದ್ದರಿಂದ ಹರಿಗೋಲು ನಿಲ್ಲಿಸಿದ್ದರು. ಮಳೆಗಾಲದಲ್ಲಿ, ಅದರ ಹಿಂದೆಮುಂದೆ ಬರುವವರು ಹೊಳೆ ದಾಟುವುದನ್ನು ನೆಚ್ಚಿಕೊಂಡು ದಿನ ಹೊಂದಿಸಬಾರದು.

ಕಡೇ ದಿನ ಬೆಳಿಗ್ಗೆ ಎಂಟಕ್ಕೆ ರೂಮು ಬಿಟ್ಟೆವು. ವಾಪಸ್ ಹಂಪಿ ಎಕ್ಸ್‌ಪ್ರೆಸ್ ಬರುವುದು ರಾತ್ರಿ. ಬ್ಯಾಗುಗಳನ್ನು ಕೌಂಟರಿನ ಹಿಂದೆ ಇಡಲು ಮ್ಯಾನೇಜರ್ ಒಪ್ಪಿದರು, ದುಡ್ಡು ಮುಟ್ಟಲಿಲ್ಲ. ಬರಿಗೈಯಲ್ಲಿ ಕಿನ್ನಾಳಕ್ಕೆ ಹೋದೆವು. ಚಿತ್ರಗಾರರ ಮನೆಯ ಜಗಲಿಯಲ್ಲಿ ಹಗುರ ಕಟ್ಟಿಗೆಯ ಗೊಂಬೆಗೆ ಹುಣಸೆ ಬೀಜದ ಅಂಟು, ಮರದ ಹೊಟ್ಟು ಕಲಸಿ ಮೆತ್ತಿ, ಒಣಗಿಸಿ, ಬಣ್ಣ ಕೊಡುವುದನ್ನು ಅವ್ವ ಕಣ್ಣು ಕೀಳದೆ ನೋಡಿದರು. ಒಂದು ಗೇಣಿನ ಗರುಡನನ್ನು ತೆಗೆದುಕೊಂಡೆವು. "ನೀರು ತಾಗಿಸಬ್ಯಾಡ್ರಿ ಯವ್ವಾ" ಅಂತ ಆ ಮನೆಯ ಹೆಣ್ಣುಮಗಳು ಹಳೆ ಪೇಪರಿನಲ್ಲಿ ಮೂರು ಸುತ್ತು ಸುತ್ತಿ ಕೊಟ್ಟಳು. ರೈಲಿನಲ್ಲಿ ನೀರಿನ ಬಾಟಲಿಯನ್ನು ಬ್ಯಾಗಿನಿಂದ ತೆಗೆದು ಬೇರೆ ಇಟ್ಟು, ಗರುಡನನ್ನು ಅವ್ವ ತಮ್ಮ ತಲೆದಿಂಬಿನ ಪಕ್ಕದಲ್ಲೇ ಮಲಗಿಸಿಕೊಂಡರು.