ಅಪ್ಪನ ಪಹಣಿ, ನನ್ನ ತಪ್ಪು ಉತ್ತರ

ನಾನು ಓದಿದ್ದು ಕನ್ನಡ ಮೀಡಿಯಂ. ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆಯ ಮೊದಲ ಸುತ್ತಿಗೆ, ಅಂದರೆ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ಗೆ, ಮೊದಲ ಸಲ ಕೂತಾಗ ಲೆಕ್ಕ, ರೀಸನಿಂಗ್ ಹೇಗೋ ಆಯ್ತು, ಇಂಗ್ಲಿಷ್ ಕೈಕೊಟ್ಟಿತು. 20 ನಿಮಿಷ, 30 ಪ್ರಶ್ನೆ, ಒಂದು ತಪ್ಪಿಗೆ ಕಾಲು ಭಾಗ ಅಂಕ ಕಟ್. ಇಂಗ್ಲಿಷಿನ ಕಟಾಫ್ ದಾಟದಿದ್ದರೆ ಉಳಿದದ್ದರಲ್ಲಿ ಎಷ್ಟು ಬಂದರೂ ದಂಡ.

ಪದ ಗೊತ್ತಿಲ್ಲದ್ದೇ ತೊಂದರೆ ಅಂದುಕೊಂಡು ಮೂರು ತಿಂಗಳು ಪಟ್ಟಿ ಉರು ಹೊಡೆದೆ. ಅಂಕ ಏರಲಿಲ್ಲ. ನಿಜವಾದ ಕಾಯಿಲೆ ಗೊತ್ತಾಗಿದ್ದು ಒಂದು ಮಾಕ್ ಟೆಸ್ಟಿನಲ್ಲಿ.

ಓದಿ ಉತ್ತರಿಸಬೇಕಾದ ಇಂಗ್ಲಿಷ್ ಪ್ಯಾಸೇಜ್ ಹಳ್ಳಿ ಸಾಲದ ಬಗ್ಗೆ. ಬಡ್ಡಿ ಜಾಸ್ತಿಯಾದರೂ ರೈತರು ಸಾಹುಕಾರನ ಹತ್ತಿರವೇ ಯಾಕೆ ಹೋಗುತ್ತಾರೆ ಅಂತ ಪ್ರಶ್ನೆ. ಕೊನೆಗೆ ಉಳಿದದ್ದು ಎರಡು ಆಯ್ಕೆ. ಬ್ಯಾಂಕಿನವರು ವಿಪರೀತ ದಾಖಲೆ ಕೇಳುತ್ತಾರೆ ಅಂತ ಒಂದು, ಸಾಹುಕಾರ ಅದೇ ದಿನ ದುಡ್ಡು ಕೊಡುತ್ತಾನೆ ಅಂತ ಇನ್ನೊಂದು. ಕಣ್ಣುಮುಚ್ಚಿ ಮೊದಲನೆಯದನ್ನು ಒತ್ತಿದೆ. ಅಪ್ಪ ಪಹಣಿ ಹಿಡಿದು ನಾಲ್ಕು ಸಲ ಬ್ಯಾಂಕಿಗೆ ಅಲೆದದ್ದನ್ನು ಕಂಡವಳು, ನನಗೆ ಗೊತ್ತಿಲ್ವಾ? ತಪ್ಪಾಯ್ತು. ಇಡೀ ಪ್ಯಾಸೇಜಿನಲ್ಲಿ ದಾಖಲೆಯ ಮಾತೇ ಇರಲಿಲ್ಲ. ಅಪ್ಪನ ಅನುಭವ ಸುಳ್ಳಲ್ಲ, ಆದರೆ ಬರೆದವರು ಅದನ್ನು ಹೇಳಿರಲಿಲ್ಲ.

ಹಳೇ ಮಾಕ್‌ಗಳನ್ನು ತೆಗೆದು ನೋಡಿದರೆ ಅರ್ಧಕ್ಕರ್ಧ ತಪ್ಪು ಇದೇ ಜಾತಿ.

ಅವತ್ತಿನಿಂದ ಉತ್ತರ ಒತ್ತುವ ಮುಂಚೆ "ಯಾವ ಸಾಲು?" ಅಂತ ನನ್ನನ್ನೇ ಕೇಳಿಕೊಳ್ಳತೊಡಗಿದೆ. ಸಾಲು ತೋರಿಸಲು ಆಗದಿದ್ದರೆ ಆ ಆಯ್ಕೆ ಔಟ್. ಮನೆಯಲ್ಲಿ ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆ ನಂಬರ್ ಬರೆಯುತ್ತಿದ್ದೆ. ಶುರುವಿನಲ್ಲಿ ಒಂದು ಪ್ಯಾಸೇಜಿಗೆ ಕಾಲು ಗಂಟೆ ಹಿಡಿಯುತ್ತಿತ್ತು. ಎರಡು ತಿಂಗಳಲ್ಲಿ ಎಂಟು ನಿಮಿಷಕ್ಕೆ ಇಳಿಯಿತು. ಸಾಲು ಸಿಕ್ಕ ಮೇಲೂ ‘ಓನ್ಲಿ’, ‘ಆಲ್ವೇಸ್’ ಮೇಲೆ ಒಂದು ಕಣ್ಣಿಡಬೇಕು. ಪ್ಯಾಸೇಜ್ ‘ಸಾಮಾನ್ಯವಾಗಿ’ ಅಂದಿದ್ದನ್ನು ಆಯ್ಕೆ ‘ಯಾವಾಗಲೂ’ ಮಾಡಿಬಿಟ್ಟಿರುತ್ತದೆ. ಹಾಗಂತ ಆ ಪದ ಕಂಡ ಕೂಡಲೇ ಹೊಡೆದುಹಾಕಬೇಡಿ, ಮೂಲದಲ್ಲೇ ‘ಓನ್ಲಿ’ ಇದ್ದರೆ ಅದೇ ಸರಿ.

ಪ್ಯಾಸೇಜ್ ಮೊದಲಾ, ಪ್ರಶ್ನೆ ಮೊದಲಾ ಅನ್ನುವ ಜಗಳ ಮುಗಿಯುವಂಥದ್ದಲ್ಲ. ನಾನು ಪ್ರಶ್ನೆಗಳನ್ನು ಮೊದಲು ಓದುತ್ತಿದ್ದೆ, ಆಯ್ಕೆಗಳನ್ನಲ್ಲ. ಐದೈದು ಆಯ್ಕೆ ತಲೆಗೆ ಹೊಕ್ಕರೆ ಪ್ಯಾಸೇಜಿನಲ್ಲಿ ಇಲ್ಲದ್ದೂ ಕಾಣಿಸುತ್ತದೆ.

ಮೊದಲ ಸಲ 26 ಪ್ರಶ್ನೆ ಮುಟ್ಟಿದ್ದೆ. ಎರಡನೇ ಸಲ 19 ಮಾತ್ರ. ಉಳಿದದ್ದನ್ನು ಬಿಟ್ಟು ಬರುವಾಗ ಕೈ ತುರಿಸಿತು, ಸುಳ್ಳು ಹೇಳಲ್ಲ. ಕಟಾಫ್ ದಾಟಿತು. ಮೇನ್ಸ್, ಇಂಟರ್‌ವ್ಯೂ ಕಥೆ ಬೇರೆ. ಈಗ ಸಾಲದ ಟೇಬಲ್ ನನ್ನದು, ಪಹಣಿ ಕೇಳೋದೂ ನಾನೇ.