ಕಾಂತಧ್ರುವಗಳ ಅದಲುಬದಲಿನ ನೆರವಿನಿಂದ ಪದರುಶಿಲೆಗಳನ್ನು ಹೊಂದಿಸುವ ಕ್ರಮ

ಚಿತ್ರದುರ್ಗದಲ್ಲಿ ಭೂವಿಜ್ಞಾನ ಓದುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು: ಶಿಲೆಯಲ್ಲಿ ಉಳಿದ ಹಳೆಯ ಕಾಂತದಿಕ್ಕನ್ನು ನೋಡಿ ಪದರುಗಳನ್ನು ಹೊಂದಿಸುವ ಈ ವಿಧಾನ ನಮ್ಮ ಸುತ್ತಲಿನ ಬೆಟ್ಟಗಳಲ್ಲಿ ಕೈಹಿಡಿಯುವುದಿಲ್ಲ. ಇಲ್ಲಿನ ಪದರುಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಕಾವಿನಲ್ಲಿ ಬೆಂದು ಮಡಿಚಿಕೊಂಡ ಅವುಗಳಲ್ಲಿ ಮೂಲ ಕಾಂತತ್ವ ಉಳಿದಿದೆಯೆಂಬ ಭರವಸೆಯಿಲ್ಲ, ಹೋಲಿಸಲು ಆ ಕಾಲದ ಕಾಂತಪಟ್ಟಿಯೂ (ಭೂಕಾಂತಕ್ಷೇತ್ರ ಯಾವಾಗ ಯಾವ ದಿಕ್ಕಿಗಿತ್ತೆಂಬ ದಾಖಲೆ) ಇಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಸ್ತರಗಳಂಥ ಎಳೆಯ ಶಿಲೆಗಳಲ್ಲಿ ಇದು ಚೆನ್ನಾಗಿ ಫಲಿಸಿದೆ. ಕೈ ಪಳಗಿಸಿಕೊಳ್ಳಲು ಮಾತ್ರ ನಮ್ಮೂರು ಸಾಕು.

ಕೆಸರು ನೀರಿನ ತಳಕ್ಕಿಳಿಯುವಾಗ ಅದರೊಳಗಿನ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಅಂದಿನ ಭೂಕಾಂತಕ್ಷೇತ್ರದ ದಿಕ್ಕಿಗೆ ತಿರುಗಿ, ಹಾಗೆಯೇ ನೆಲೆನಿಲ್ಲುತ್ತವೆ. ಕ್ಷೇತ್ರ ತಿರುಗುಮುರುಗಾದಾಗ, ಎಂದರೆ ಉತ್ತರ–ದಕ್ಷಿಣ ಕಾಂತಧ್ರುವಗಳು ಅದಲುಬದಲಾದಾಗ, ಅದು ಇಡೀ ಭೂಮಿಗೆ ಅನ್ವಯಿಸುವುದರಿಂದ, ಶಿಲೆಯ ಬಗೆ ಬೇರೆಯಾಗಿ ಪಳೆಯುಳಿಕೆಗಳು ಹೊಂದದ ಎರಡು ಛೇದಗಳನ್ನೂ (ಪದರುಗಳು ಒಂದರ ಮೇಲೊಂದು ತೆರೆದು ಕಾಣುವ ಜಾಗಗಳನ್ನೂ) ಜೋಡಿಸಬಹುದು.

ಮಾದರಿಗೆ ನುಣ್ಣನೆಯ ಜೇಡಿಶಿಲೆಯನ್ನು ಆರಿಸಿ; ಒರಟು ಮರಳುಶಿಲೆಯನ್ನೂ ಶಿಥಿಲವಾದ ಮೇಲ್ಪದರವನ್ನೂ ಬಿಡಿ. ಮಾದರಿಗಳ ನಡುವಿನ ಅಂತರವನ್ನು ಕೆಸರು ಶೇಖರವಾದ ವೇಗ ನೋಡಿ ನಿರ್ಧರಿಸಬೇಕು. ಸುಮಾರು 10.7 ಲಕ್ಷದಿಂದ 9.9 ಲಕ್ಷ ವರ್ಷಗಳ ಹಿಂದಿನವರೆಗೆ ಇದ್ದ ಹರಮಿಯೊ ಎಂಬ, ಕ್ಷೇತ್ರ ಇಂದಿನ ದಿಕ್ಕಿಗಿದ್ದ ಕಿರು ಅವಧಿಯಲ್ಲಿ, ಸಾವಿರ ವರ್ಷಕ್ಕೆ 20 ಸೆಂಟಿಮೀಟರ್‌ನಂತೆ ಶೇಖರವಾಗಿದ್ದರೆ 16 ಮೀಟರ್ ಸ್ತರ ಉಳಿದಿರುತ್ತದೆ. 20 ಮೀಟರಿಗೊಂದು ಮಾದರಿ ತೆಗೆದವರಿಗೆ ಅದು ಕಾಣದೆಯೇ ಹೋಗಬಹುದು. ಪ್ರತಿ ಮಟ್ಟದಲ್ಲೂ ಕನಿಷ್ಠ ಮೂರು ಮಾದರಿ ತೆಗೆದು, ಕಲ್ಲು ಬಿಡಿಸುವ ಮೊದಲೇ ಅದರ ಮೇಲೆ ದಿಕ್ಕು ಗುರುತಿಸಿ, ಸ್ತರದ ಓರೆಯನ್ನೂ ಬರೆದುಕೊಳ್ಳಿ.

ಚಿತ್ರದುರ್ಗದ ಅಭ್ಯಾಸ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕಬ್ಬಿಣದ ಅದಿರಿನ ಪಟ್ಟೆಶಿಲೆಯ ಮೇಲೆ ದಿಕ್ಸೂಚಿಯನ್ನಿಟ್ಟು ನೋಡಿ, ಅನಂತರ ಹತ್ತು ಹೆಜ್ಜೆ ದೂರ ಹೋಗಿ ನೋಡಿ: ಮುಳ್ಳು ಎರಡು ಕಡೆ ಎರಡು ಉತ್ತರ ಹೇಳಬಹುದು. ಅಂಥ ಕಡೆ ನೆರಳು ಮತ್ತು ಗಡಿಯಾರ ಹಿಡಿದು ಸೂರ್ಯನಿಂದಲೇ ದಿಕ್ಕು ಕಂಡುಹಿಡಿಯಬೇಕು. ದಿಕ್ಕು ತಪ್ಪಾಗಿ ಬರೆದ ಮಾದರಿಯನ್ನು ಯಾವ ಪ್ರಯೋಗಾಲಯವೂ ಸರಿಪಡಿಸಲಾರದು.

ಪ್ರಯೋಗಾಲಯದಲ್ಲಿ ಹೊರಗಿನ ಕಾಂತಕ್ಷೇತ್ರ ತಾಗದ ಕುಲುಮೆಯೊಳಗೆ ಮಾದರಿಯನ್ನು ಹಂತಹಂತವಾಗಿ ಕಾಯಿಸಿ, ಪ್ರತಿ ಹಂತದಲ್ಲೂ ಅಳೆಯುತ್ತಾರೆ. ಇತ್ತೀಚಿನ ಕ್ಷೇತ್ರ ಅಂಟಿಸಿದ ಕಾಂತತ್ವ ಸಾಮಾನ್ಯವಾಗಿ ಕಡಿಮೆ ಕಾವಿನಲ್ಲೇ ಕಳಚುತ್ತದೆ. ಮ್ಯಾಗ್ನಟೈಟ್ 580 ಡಿಗ್ರಿ ಸೆಲ್ಸಿಯಸ್‌ನ ಹೊತ್ತಿಗೆ, ಹೆಮಟೈಟ್ ಸುಮಾರು 675ಕ್ಕೆ ತನ್ನದನ್ನು ಬಿಟ್ಟುಕೊಡುತ್ತದೆ. ಸ್ತರದ ಓರೆಯನ್ನು ಲೆಕ್ಕದಲ್ಲಿ ಸರಿಪಡಿಸಿದ ಮೇಲೆ ಮಾದರಿಗಳ ದಿಕ್ಕುಗಳು ಎರಡು ಗುಂಪುಗಳಾಗಿ ನೇರ ಎದುರುಬದುರಾಗಿ ನಿಂತರೆ ಮಾತ್ರ ಮುಂದುವರಿಯಿರಿ. ಹಾಗಾಗದಿದ್ದರೆ ಹೊಸ ಕಾಂತತ್ವ ಇನ್ನೂ ಕಳಚಿಲ್ಲವೆಂದೇ ನಾನು ಶಂಕಿಸುತ್ತೇನೆ.

ಇಂದಿನ ದಿಕ್ಕಿನವನ್ನು ಕಪ್ಪಾಗಿ, ವಿರುದ್ಧ ದಿಕ್ಕಿನವನ್ನು ಬಿಳಿಯಾಗಿ ಕಂಬದಂತೆ ಬರೆದು ಛೇದಗಳನ್ನು ಅಕ್ಕಪಕ್ಕ ಇಡಿ. ಒಂದು ಕಪ್ಪು ಪಟ್ಟಿ ಇನ್ನೊಂದರಂತೆಯೇ ಇರುವುದರಿಂದ, ಜ್ವಾಲಾಮುಖಿ ಬೂದಿಯ ಪದರವೋ ಪಳೆಯುಳಿಕೆಯೋ ಒಂದು ಸ್ವತಂತ್ರ ಆಧಾರ ಕೊಡಬೇಕು. ಅದಾದ ಮೇಲೆ ಪಟ್ಟಿಗಳ ಅನುಕ್ರಮವನ್ನು ಕಾಲಮಾನದೊಂದಿಗೆ ಹೊಂದಿಸಿ: ಬ್ರೂನ್–ಮತುಯಾಮ ಗಡಿ ಸುಮಾರು 7.7 ಲಕ್ಷ, ಮತುಯಾಮ–ಗೌಸ್ ಗಡಿ ಸುಮಾರು 25.8 ಲಕ್ಷ ವರ್ಷ ಹಿಂದಿನವು (ಬ್ರೂನ್ ಮತ್ತು ಗೌಸ್ ಕ್ಷೇತ್ರ ಹೆಚ್ಚಾಗಿ ಇಂದಿನ ದಿಕ್ಕಿಗಿದ್ದ, ಮತುಯಾಮ ವಿರುದ್ಧ ದಿಕ್ಕಿಗಿದ್ದ ದೀರ್ಘ ಅವಧಿಗಳ ಹೆಸರು). ನಡುವಿನ ಬಿಳಿ ಪಟ್ಟಿ ಸವೆದುಹೋಗಿದ್ದರೆ ಎರಡು ಕಪ್ಪು ಪಟ್ಟಿಗಳು ಒಂದಾಗಿ ಕಾಣುತ್ತವೆ. ಆದ್ದರಿಂದ ಸವೆತದ ಗುರುತಿರುವ ಕಡೆಯಲ್ಲೆಲ್ಲ ಜೋಡಣೆಯ ಗೆರೆಯನ್ನು ಚುಕ್ಕೆಗಳಲ್ಲೇ ಎಳೆಯಿರಿ.