ಇ9 ಶ್ರುತಿ ಕೂಡಿಸುತ್ತ ಬಡ್ಡಿ ಎಮ್ಮನ್ಸ್ ಅವರನ್ನು ಅರಿತದ್ದು

ಇ9 ಎಂಬ ಕ್ರಮದಲ್ಲಿ ಶ್ರುತಿ ಕೂಡಿಸಿದ ಪೆಡಲ್ ಸ್ಟೀಲ್ ಗಿಟಾರಿನ ತಂತಿಗಳನ್ನು ಮೊದಲನೆಯದರಿಂದ ಸಾಲಾಗಿ ಮೀಟಿ ನೋಡಿದರೆ, ಕಟ್ಟಿದವರು ಕ್ರಮ ತಪ್ಪಿಸಿದ್ದಾರೆ ಅನ್ನಿಸುತ್ತದೆ. ಎಲ್ಲಕ್ಕಿಂತ ಮೇಲಿನ ಸ್ವರ ಇರುವುದು ಮೂರನೇ ತಂತಿಯಲ್ಲಿ. ಅದರಾಚೆ, ನುಡಿಸುವವರಿಂದ ದೂರದ ಅಂಚಿನಲ್ಲಿ, ಅದಕ್ಕಿಂತ ತಗ್ಗಿನ ಎರಡು ತಂತಿಗಳಿವೆ. ಅವನ್ನು ಅಲ್ಲಿ ತಂದು ಸೇರಿಸಿದವರು ಅಮೆರಿಕದ ಸ್ಟೀಲ್ ಗಿಟಾರ್ ವಾದಕ ಬಡ್ಡಿ ಎಮ್ಮನ್ಸ್. ಆ ಎರಡು ತಂತಿ ಯಾಕೆ ಬೇಕಿತ್ತು ಎಂಬುದು ಕೈಗೆ ತಿಳಿದ ಮೇಲೆಯೇ ಈ ವಾದ್ಯ ನನಗೆ ಒಲಿಯಿತು.

ನಾನಿರುವುದು ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಬೆಳೆದದ್ದು ಶಿವಮೊಗ್ಗದಲ್ಲಿ, ಚಿಕ್ಕಂದಿನಲ್ಲಿ ಕಲಿತದ್ದು ಕರ್ನಾಟಕ ಸಂಗೀತದ ಹಾಡುಗಾರಿಕೆ. ಇಲ್ಲಿನ ಕಂಟ್ರಿ ಸಂಗೀತದಲ್ಲಿ ಒಂದು ಸ್ವರ ಅಲುಗದೆ ನಿಂತಿರುವಾಗಲೇ ಪಕ್ಕದ ಸ್ವರ ಜಾರಿಕೊಂಡು ಮೇಲೇರುವುದನ್ನು ಕೇಳಿ, ಇದು ಯಾವ ವಾದ್ಯ ಎಂದು ಹುಡುಕಿಕೊಂಡು ಹೋದವನು. ನಾಲ್ಕು ಕಾಲಿನ ಮೇಲೆ ಅಡ್ಡಲಾಗಿ ಮಲಗಿಸಿದ ಹತ್ತು ತಂತಿಯ ಗಿಟಾರ್ ಅದು. ಎಡಗೈಯಲ್ಲಿ ದುಂಡನೆಯ ಉಕ್ಕಿನ ಬಾರ್, ಬಲಗೈ ಬೆರಳುಗಳಿಗೆ ಪಿಕ್. ಇಷ್ಟರ ಮಟ್ಟಿಗೆ ಗೋಟುವಾದ್ಯ ಕಂಡವರಿಗೆ ಹೊಸದೇನಿಲ್ಲ. ಹೊಸತಿರುವುದು ಕೆಳಗೆ. ಎಡಗಾಲಿಗೆ ಪೆಡಲ್‌ಗಳು, ಎರಡೂ ಮೊಣಕಾಲಿಗೆ ಲಿವರ್‌ಗಳು, ಬಲಗಾಲಿಗೆ ವಾಲ್ಯೂಮ್ ಪೆಡಲ್. ಪೆಡಲ್ ಒತ್ತಿದರೆ ಅದಕ್ಕೆ ಜೋಡಿಸಿದ ತಂತಿ ಮಾತ್ರ ಬಿಗಿಯಾಗುತ್ತದೆ.

ಈ ತಂತ್ರ ಜನರ ಕಿವಿಗೆ ಬಿದ್ದದ್ದು ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ಯಿಂದ. 1953ರ ಕೊನೆಯಲ್ಲಿ ಧ್ವನಿಮುದ್ರಣವಾಗಿ 1954ರಲ್ಲಿ ಮನೆಮಾತಾದ ಆ ಹಾಡಿನಲ್ಲಿ ಬಡ್ ಐಸಾಕ್ಸ್ ಒಂದೇ ಪೆಡಲ್‌ನಿಂದ ಎರಡು ಬಗೆಯ ತಂತಿಗಳನ್ನು ಒಟ್ಟಿಗೆ ಏರಿಸಿದರು. ಆಗ ಎಮ್ಮನ್ಸ್ ಇನ್ನೂ ಹದಿಹರೆಯದ ಹುಡುಗ. 1937ರಲ್ಲಿ ಇಂಡಿಯಾನಾದ ಮಿಶಾವಾಕಾದಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ತೊಡೆಯ ಮೇಲಿಟ್ಟು ನುಡಿಸುವ ಆರು ತಂತಿಯ ಸ್ಟೀಲ್ ಹಿಡಿದವರು. 1955ರಲ್ಲಿ, ಹದಿನೆಂಟಕ್ಕೆ, ಲಿಟಲ್ ಜಿಮ್ಮಿ ಡಿಕೆನ್ಸ್ ತಂಡ ಸೇರಿ ನ್ಯಾಶ್‌ವಿಲ್‌ಗೆ ಬಂದರು. ಐಸಾಕ್ಸ್ ಒಂದು ಪೆಡಲ್‌ನಲ್ಲಿ ಮಾಡುತ್ತಿದ್ದುದನ್ನು ಎಮ್ಮನ್ಸ್ ಎರಡು ಪೆಡಲ್‌ಗೆ ಒಡೆದರು. ಅವಕ್ಕೆ ಈಗ ಎ, ಬಿ ಎನ್ನುತ್ತಾರೆ.

ಒಡೆದದ್ದರಿಂದ ಆದ ಲಾಭವನ್ನು ನಾನು ಸರಿಗಮದಲ್ಲಿಯೇ ಲೆಕ್ಕ ಹಾಕಿಕೊಳ್ಳುತ್ತೇನೆ. ಪಾಶ್ಚಾತ್ಯರ ಇ ಸ್ವರವನ್ನು ಷಡ್ಜ ಅಂದುಕೊಳ್ಳಿ. ಮೊದಲನೇ ತಂತಿಯಿಂದ ಹತ್ತರವರೆಗೆ ಸ್ವರಗಳು ಹೀಗೆ: ರಿ, ಕಾಕಲಿ ನಿ, ಗ, ಸ, ಪ, ಗ, ರಿ, ಸ, ಕೈಶಿಕಿ ನಿ, ಪ. ಗಾಂಧಾರ ಅಂದರೆ ಅಂತರ ಗಾಂಧಾರ, ರಿಷಭ ಅಂದರೆ ಚತುಶ್ರುತಿ. ಎ ಪೆಡಲ್ ಒತ್ತಿದರೆ ಎರಡೂ ಪಂಚಮಗಳು ಧೈವತಕ್ಕೆ ಏರುತ್ತವೆ. ಬಿ ಪೆಡಲ್ ಒತ್ತಿದರೆ ಎರಡೂ ಗಾಂಧಾರಗಳು ಮಧ್ಯಮಕ್ಕೆ ಏರುತ್ತವೆ. ಎರಡನ್ನೂ ಒತ್ತಿದಾಗ ಸ-ಗ-ಪ ಹೋಗಿ ಮ-ದ-ಸ ಬರುತ್ತದೆ. ಐಸಾಕ್ಸ್‌ಗೆ ಸಿಕ್ಕಿದ್ದು ಇದು. ಎ ಒಂದನ್ನೇ ಒತ್ತಿದರೆ ಸ-ಗ-ದ, ಅಂದರೆ ಬಾರ್ ಕದಲಿಸದೆ ಮೈನರ್ ಕಾರ್ಡ್ ಎನ್ನುವ ಸ್ವರಗುಚ್ಛ. ಬಿ ಒಂದನ್ನೇ ಒತ್ತಿದರೆ ಮಧ್ಯಮ ಅತಂತ್ರವಾಗಿ ನಿಂತು, ಗಾಂಧಾರಕ್ಕೆ ಇಳಿಯಲು ತವಕಿಸುತ್ತದೆ. ಪಾದವನ್ನು ಎರಡೂ ಪೆಡಲ್ ಮೇಲಿಟ್ಟು ಹಿಮ್ಮಡಿಯನ್ನು ಎಡಕ್ಕೋ ಬಲಕ್ಕೋ ವಾಲಿಸಿದರೆ ಸಾಕು, ಒಂದು ಸ್ವರ ಮೊದಲು, ಇನ್ನೊಂದು ತುಸು ತಡವಾಗಿ ಬರುತ್ತದೆ. ಕಂಟ್ರಿ ಹಾಡಿನ ಸಾಲು ಮುಗಿದಾಗ ಕೇಳುವ ಆ ನಿಟ್ಟುಸಿರು ಹುಟ್ಟುವುದು ಕಣಕಾಲಿನಲ್ಲಿ. ಎಮ್ಮನ್ಸ್ ಅವರ ಗೆಳೆಯ ಜಿಮ್ಮಿ ಡೇ ಪೆಡಲ್‌ಗಳನ್ನು ತಿರುವುಮುರುವಾಗಿ ಜೋಡಿಸಿಕೊಂಡಿದ್ದರು. ಇವತ್ತಿಗೂ ವಾದ್ಯ ಕೊಳ್ಳುವಾಗ ಎಮ್ಮನ್ಸ್ ಸೆಟಪ್ಪೋ ಡೇ ಸೆಟಪ್ಪೋ ಎಂದು ಕೇಳುತ್ತಾರೆ. ನನ್ನದು ಎಮ್ಮನ್ಸ್.

ಇನ್ನು ಆ ಮೇಲಿನ ಎರಡು ತಂತಿ. 1962ರಲ್ಲಿ ಎಮ್ಮನ್ಸ್ ರೇ ಪ್ರೈಸ್ ತಂಡಕ್ಕೆ ಹೋದರು. ಅವನ್ನು ಸೇರಿಸಿದ್ದು ಹೆಚ್ಚುಕಡಿಮೆ ಅದೇ ಕಾಲಕ್ಕೆ. ಅದಕ್ಕೆ ಮುಂಚೆ ಕಾರ್ಡ್‌ಗಳಿಗೆ ಎಲ್ಲವೂ ಇತ್ತು, ಸ್ವರದ ಸಾಲಿಗೆ ಮಾತ್ರ ಕೊರತೆ. ಬಾರ್ ಅನ್ನು ಒಂದೇ ಮನೆಯಲ್ಲಿ ಇಟ್ಟುಕೊಂಡು ಎಂಟನೇ ತಂತಿಯಿಂದ ಶಂಕರಾಭರಣ ಹತ್ತಿ ನೋಡಿ. ಎಂಟು ಸ, ಏಳು ರಿ, ಆರು ಗ, ಆರನ್ನೇ ಬಿ ಪೆಡಲ್‌ನೊಡನೆ ಮೀಟಿದರೆ ಮ, ಐದು ಪ, ಐದಕ್ಕೆ ಎ ಪೆಡಲ್ ಸೇರಿದರೆ ದ. ಮುಂದೆ ನಿಷಾದ ಬೇಕು. ಅದು ಎರಡನೇ ತಂತಿ. ನಾಲ್ಕರಲ್ಲಿ ತಾರ ಷಡ್ಜ. ಅದರ ಮೇಲಿನ ರಿ ಒಂದನೇ ತಂತಿ, ಗ ಮೂರನೆಯದು. ಎಮ್ಮನ್ಸ್ ಸೇರಿಸಿದ್ದು ಸರಿಯಾಗಿ ಆ ನಿಷಾದವನ್ನೂ ಆ ರಿಷಭವನ್ನೂ. ಏರಿಕೆಯ ಕ್ರಮದಲ್ಲೇ ನಡುವೆ ತುರುಕಿದ್ದರೆ ಮೂರು-ನಾಲ್ಕು-ಐದು ಎಂದು ಬೆರಳಿಗೆ ಅಭ್ಯಾಸವಾಗಿದ್ದ ಹಿಡಿತವೆಲ್ಲ ಚದುರಿ ಹೋಗುತ್ತಿತ್ತು. ಅಂಚಿಗೆ ಹಾಕಿದ್ದರಿಂದ ಹಳೆಯದು ಹಾಗೇ ಉಳಿದು ಹೊಸದು ಬಂತು. ಶಂಕರಾಭರಣದ ಆರೋಹಣವನ್ನು ಬಾರ್ ಕದಲಿಸದೆ ಮೊದಲ ಸಲ ಹತ್ತಿದ ದಿನ, ಇದನ್ನು ಯೋಚಿಸಿದವರ ಮೇಲೆ ನನಗೆ ಹುಟ್ಟಿದ ಗೌರವ ಈಗಲೂ ಹಾಗೇ ಇದೆ.

ನಾನು ಶ್ರುತಿ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನದು ಆಲ್-ಪುಲ್ ವಾದ್ಯ, ಅಂದರೆ ತಂತಿಯನ್ನು ಏರಿಸುವುದೂ ಇಳಿಸುವುದೂ ರಾಡ್‌ಗಳ ಎಳೆತದಿಂದಲೇ. ಬಿಡಿ ತಂತಿಯ ಸ್ವರವನ್ನು ಎಡತುದಿಯ ಬಿರಡೆಗಳಲ್ಲಿ, ಪೆಡಲ್ ಒತ್ತಿದಾಗಿನ ಸ್ವರವನ್ನು ಬಲತುದಿಯ ನೈಲಾನ್ ನಟ್‌ಗಳಲ್ಲಿ ಕೂಡಿಸಬೇಕು. ಶ್ರುತಿ ತೋರಿಸುವ ಮೀಟರ್ ಇಟ್ಟು ನೋಡುವುದು ನಾಲ್ಕು ಮತ್ತು ಎಂಟನೇ ತಂತಿಯ ಷಡ್ಜಕ್ಕೆ ಮಾತ್ರ. ಆಮೇಲೆ ಮೀಟರ್ ಮುಚ್ಚಿ ಕಿವಿಯ ಕೆಲಸ. ಷಡ್ಜಕ್ಕೆ ಪಂಚಮ ಸೇರಿಸುತ್ತೇನೆ. ನಂತರ ಗಾಂಧಾರ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೋದ ಗಾಂಧಾರಕ್ಕೆ ಮೂರನೇ ತಂತಿಯನ್ನು ಕೂಡಿಸಿ ನಾಲ್ಕನೆಯದರ ಜೊತೆ ಮೀಟಿದರೆ ಸೆಕೆಂಡಿಗೆ ಸುಮಾರು 13 ಸಲ ನಾದ ನಡುಗುತ್ತದೆ. ಬಿರಡೆಯನ್ನು ನಿಧಾನವಾಗಿ ಸಡಿಲಿಸುತ್ತ ಬಂದರೆ ನಡುಕ ನಿಧಾನವಾಗಿ, ಒಂದು ಹಂತದಲ್ಲಿ ನಿಂತೇಹೋಗುತ್ತದೆ. ಅದು ತಂಬೂರಿಯ ಮಂದ್ರ ಷಡ್ಜದೊಳಗಿಂದ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ, ಪಿಯಾನೋದ್ದಕ್ಕಿಂತ 14 ಸೆಂಟ್ ಕೆಳಗೆ. ಒಂದು ಸೆಂಟ್ ಅಂದರೆ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರದ ನೂರನೇ ಒಂದು ಪಾಲು.

ಮುಂದೆ ಬಿ ಪೆಡಲ್ ಒತ್ತಿ ಹಿಡಿದು ಮಧ್ಯಮವನ್ನು ಷಡ್ಜಕ್ಕೆ ಹೊಂದಿಸಿ, ಎರಡೂ ಪೆಡಲ್ ಒತ್ತಿ ಧೈವತವನ್ನು ಆ ಮಧ್ಯಮಕ್ಕೆ ಗಾಂಧಾರವಾಗುವಂತೆ ಕೂಡಿಸುತ್ತೇನೆ. ಪೆಡಲ್ ಒತ್ತಿದಾಗ ವಾದ್ಯದ ಮೈಯೇ ತುಸು ಬಾಗಿ ಉಳಿದ ತಂತಿಗಳು ಕೆಲವು ಸೆಂಟ್ ಇಳಿಯುತ್ತವೆ. ಅದಕ್ಕಾಗಿ ಷಡ್ಜವನ್ನು ಮೊದಲೇ ಕೂದಲೆಳೆಯಷ್ಟು ಏರಿಸಿಟ್ಟುಕೊಳ್ಳುವುದು ಒಳ್ಳೆಯದು. ಇಷ್ಟೆಲ್ಲ ಯಾಕೆಂದರೆ ಬಾರ್ ಹತ್ತೂ ತಂತಿಗಳನ್ನು ಒಟ್ಟಿಗೇ ಸರಿಸುತ್ತದೆ. ತಂತಿಗಳ ನಡುವಿನ ಸಂಬಂಧ ಕೆಟ್ಟಿದ್ದರೆ ಎಂಥ ಎಡಗೈಯೂ ಅದನ್ನು ತಿದ್ದಲಾರದು.

ತೊಡಕಿರುವುದು ರಿಷಭದಲ್ಲಿ. ಪಂಚಮಕ್ಕೆ ಹೊಂದಿಸಿದರೆ ಏಳನೇ ತಂತಿ ಷಡ್ಜದಿಂದ 204 ಸೆಂಟ್ ಮೇಲೆ ನಿಲ್ಲುತ್ತದೆ. ಎ ಪೆಡಲ್‌ನ ಧೈವತಕ್ಕೆ ಹೊಂದಿಸಿದರೆ 182ಕ್ಕೆ. ಎರಡೂ ನಿಜವಾದ ರಿಷಭಗಳೇ, ನಡುವೆ 22 ಸೆಂಟ್ ಅಂತರ. ಹಾಡುವವರು ಅರಿವಿಲ್ಲದೆಯೇ ಸಂದರ್ಭಕ್ಕೆ ತಕ್ಕದ್ದನ್ನು ಹಾಡಿಬಿಡುತ್ತಾರೆ, ತಂತಿಗೆ ಆ ಸೌಲಭ್ಯವಿಲ್ಲ. ಬಹಳ ಜನ ನಡುವೆ ಎಲ್ಲೋ ನಿಲ್ಲಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ನಾನು ಎ ಪೆಡಲ್‌ಗೆ ಇನ್ನೊಂದು ರಾಡ್ ಜೋಡಿಸಿದ್ದೇನೆ. ಪೆಡಲ್ ಒತ್ತಿದಾಗ ಐದು ಮತ್ತು ಹತ್ತನೇ ತಂತಿ ಏರುವುದರ ಜೊತೆಗೇ ಏಳನೇ ತಂತಿ ಆ 22 ಸೆಂಟ್ ಇಳಿಯುತ್ತದೆ, ಬಿಟ್ಟರೆ ಮರಳಿ ಮೇಲೆ. ಇದಕ್ಕೆ ಕಾಂಪೆನ್ಸೇಟರ್ ಅನ್ನುತ್ತಾರೆ. ಕಾಲಿಗೆ ತುಸು ಭಾರವಾಗುತ್ತದೆ, ಆದರೂ ಐದು ಮತ್ತು ಏಳನೇ ತಂತಿ ಸೇರಿ ನುಡಿದಾಗ ಸಿಗುವ ಶುದ್ಧ ನಾದಕ್ಕೆ ಆ ಭಾರ ಹೆಚ್ಚೇನಲ್ಲ.

ಎಮ್ಮನ್ಸ್ ನಂತರದ ವರ್ಷಗಳಲ್ಲಿ ಸಮಪಾಲಿನ ಶ್ರುತಿಯ ಕಡೆಗೇ ವಾಲಿದರು. ಪಿಯಾನೋ, ಬೇಸ್, ಇತರ ಗಿಟಾರ್‌ಗಳ ನಡುವೆ ಕೂತು ಸ್ಟುಡಿಯೋದಲ್ಲಿ ದುಡಿಯುವವರಿಗೆ ಅದರಲ್ಲಿ ಅರ್ಥವಿದೆ. ಅವರ ಪೆಡಲ್, ಅವರ ತಂತಿ, ಅವರ ಜೋಡಣೆಯನ್ನೇ ಹಿಡಿದ ನಾನು ಗಾಂಧಾರದ ವಿಷಯದಲ್ಲಿ ಮಾತ್ರ ಅವರೊಡನೆ ಹೋಗಲಾರೆ. ತಂಬೂರಿಯ ಪಕ್ಕ ಬೆಳೆದ ಕಿವಿ ಇದು, ಆ ನಡುಕವನ್ನು ಒಪ್ಪುವುದಿಲ್ಲ.

ವಾದ್ಯ ಕಟ್ಟುವುದರಲ್ಲೂ ಅವರದು ಇದೇ ಬಗೆಯ ಅತೃಪ್ತಿ. 1950ರ ದಶಕದಲ್ಲಿ ಶಾಟ್ ಜಾಕ್ಸನ್ ಜೊತೆ ಸೇರಿ ಶೋ-ಬಡ್ ಎಂಬ ಸ್ಟೀಲ್ ಗಿಟಾರ್ ಕಂಪನಿ ಕಟ್ಟಿದರು. 60ರ ದಶಕದ ಆರಂಭದಲ್ಲಿ ಅದನ್ನು ಬಿಟ್ಟು, ರಾನ್ ಲ್ಯಾಶ್ಲಿ ಜೊತೆ ತಮ್ಮದೇ ಹೆಸರಿನ ಕಂಪನಿ ಶುರುಮಾಡಿದರು. ಆ ಎಮ್ಮನ್ಸ್ ಗಿಟಾರ್‌ಗಳು ತಯಾರಾಗುತ್ತಿದ್ದುದು ನಾರ್ತ್ ಕೆರೊಲಿನಾದ ಬರ್ಲಿಂಗ್ಟನ್‌ನಲ್ಲಿ, ನಾನು ಗ್ರೀನ್ಸ್‌ಬರೋಗೆ ಹೋಗುವ ಹೆದ್ದಾರಿಯಲ್ಲೇ ಸಿಗುವ ಊರು. ಎಳೆದೂ ತಳ್ಳಿಯೂ ಸ್ವರ ಬದಲಿಸುವ ಅವರ ಪುಶ್-ಪುಲ್ ಮಾದರಿಯನ್ನು ಹದಕ್ಕೆ ತರುವುದು ಕಷ್ಟ, ಆದರೆ ಅದರ ನಾದಕ್ಕಾಗಿ ಇಂದಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಪರಿಚಿತರೊಬ್ಬರ ಪುಶ್-ಪುಲ್ ಮೇಲೆ ಒಂದು ಸಂಜೆ ಕೂತಿದ್ದೆ. ಬಾರ್ ಇಡುವ ಮೊದಲೇ, ಬಿಡಿ ತಂತಿ ಮೀಟಿದಾಗಲೇ, ನಾದ ಬೇಗ ಆರದೆ ತುಂಬಿಕೊಂಡು ನಿಲ್ಲುವುದು ಗೊತ್ತಾಯಿತು.

2015ರ ಜುಲೈ 21ರಂದು ಎಮ್ಮನ್ಸ್ ತೀರಿಕೊಂಡರು. ಅವರನ್ನು ಕೇಳಬೇಕೆನ್ನುವವರಿಗೆ ನಾನು ಎರಡು ಹೇಳುತ್ತೇನೆ. ಒಂದು, 1963ರಲ್ಲಿ ನ್ಯೂಯಾರ್ಕಿನಲ್ಲಿ ಜಾಝ್ ವಾದಕರ ಜೊತೆ ಮುದ್ರಿಸಿದ ‘ಸ್ಟೀಲ್ ಗಿಟಾರ್ ಜಾಝ್’. ಈ ವಾದ್ಯ ಕಂಟ್ರಿಗಷ್ಟೇ ಸೀಮಿತ ಅನ್ನುವವರ ಬಾಯಿ ಮುಚ್ಚಿಸುತ್ತದೆ. ಇನ್ನೊಂದು, 1968ರಲ್ಲಿ ಜೂಡಿ ಕಾಲಿನ್ಸ್ ಹಾಡಿದ ‘ಸಮ್‌ಡೇ ಸೂನ್’. ಹಾಡಿನ ಸಾಲುಗಳ ನಡುವೆ ಕೇಳುವ ಸ್ಟೀಲ್ ಅವರದ್ದು. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಗಾಯಕಿಯನ್ನು ಬಿಟ್ಟು ಸ್ಟೀಲ್ ಅನ್ನೇ ಹಿಂಬಾಲಿಸಿ, ಎಲ್ಲಿ ಬಾರ್ ಜಾರಿತು, ಎಲ್ಲಿ ಪೆಡಲ್ ಏರಿತು ಎಂದು ಬೇರ್ಪಡಿಸಲು ನೋಡಿ. ಬಾರ್ ಜಾರಿದರೆ ಮೀಟಿದ ಸ್ವರಗಳೆಲ್ಲ ಒಟ್ಟಿಗೆ ಸರಿಯುತ್ತವೆ. ಪೆಡಲ್ ಆದರೆ ಒಂದು ಸ್ವರ ನಿಂತಲ್ಲೇ ಇದ್ದು ಇನ್ನೊಂದು ಮಾತ್ರ ಏರುತ್ತದೆ.